ಸೆರಗಿನ ಗಂಟಿನಲ್ಲಿ ಫ್ಯೂಜು

ಕಬ್ಬಿನ ಹಸಿ ಸೋಗೆ ಕತ್ತರಿಸುವಾಗ ಬರುವ ವಾಸನೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಹುಲ್ಲಿನದು, ಅರ್ಧ ಸಿಹಿಯದು, ಮೂಗಿನ ತುದಿಗೆ ಬಂದು ನಿಂತುಬಿಡುವಂಥದು. ಅಥಣಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ಸಂಜೆ ಹಿತ್ತಲಿನಿಂದ ಆ ವಾಸನೆ ಅಡುಗೆ ಮನೆಗೆ ಬಂತೆಂದರೆ ರೊಟ್ಟಿ ಬಡಿಯುವ ನನ್ನ ಕೈ ಹಾಗೇ ನಿಧಾನವಾಗುತ್ತದೆ. ವಾಸನೆಯ ಹಿಂದೆಯೇ ಮೇವು ಕತ್ತರಿಸುವ ಕಡಬಾ ಕುಟ್ಟಿ ಯಂತ್ರದ ಸದ್ದು. ನಮ್ಮ ಮನೆಯವರು ಅದರ ಬಾಯಿಗೆ ಮೇವು ಕೊಡುತ್ತಿರುತ್ತಾರೆ. ಹದಿಮೂರು ತುಂಬಿದ ನನ್ನ ಮಗಳು ಸಮತಾ ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಗೋಡೆಯ ಸ್ವಿಚ್ಚಿನ ಬಳಿ ನಿಂತಿರುತ್ತಾಳೆ. ನಾನು ಒಲೆಯ ಮುಂದಿದ್ದರೂ ಕಿವಿ ಅಲ್ಲಿರುತ್ತದೆ. ಮೇವು ಸರಾಗವಾಗಿ ಹೋಗುತ್ತಿದ್ದರೆ ಒಂದು ಸದ್ದು, ಸಿಕ್ಕಿಕೊಂಡರೆ ಒಂದು ಸದ್ದು, ಹಲ್ಲುಗಳು ಬರಿದೇ ತಿರುಗಿದರೆ ಇನ್ನೊಂದು. ಮೊನ್ನೆ ಸಂಜೆ ಅದು ಗಂಟಲು ಕಟ್ಟಿದವರಂತೆ ಗರಗರ ಅಂದು, ಒಮ್ಮೆಲೇ ಸುಮ್ಮನಾಯಿತು. ಅಡುಗೆ ಮನೆಯ ಬಲ್ಬೂ ಆರಿತು. ಕರೆಂಟ್ ಹೋಗಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಹಿತ್ತಲ ಬಾಗಿಲಿನ ಕಡೆ ನೋಡುತ್ತಾ ನಿಂತೆ. ಆ ಗಳಿಗೆಯಲ್ಲಿ ನಾನು ಈ ಮನೆಯ ಸೊಸೆಯಾಗಿರಲಿಲ್ಲ, ಯಾರ ತಾಯಿಯೂ ಆಗಿರಲಿಲ್ಲ. ಉಗಾರ ಬುದ್ರುಕದ ಹೊಳೆದಂಡೆಯ ಮನೆಯಲ್ಲಿ, ಬುಟ್ಟಿ ಹಿಡಿದು ಯಂತ್ರದ ಬಳಿ ನಿಂತ ಹನ್ನೆರಡು ವರ್ಷದ ಪದ್ದಿಯಾಗಿದ್ದೆ.

ಆ ಮನೆ ಈಗಿಲ್ಲ. ಮಣ್ಣಿನ ದಪ್ಪ ಗೋಡೆಗಳು, ಒಳಗೆ ಕಾಲಿಟ್ಟರೆ ಮೊದಲು ಎಮ್ಮೆಗಳ ಬೆಚ್ಚನೆಯ ಉಸಿರು, ಆಮೇಲೆ ಪಡಸಾಲೆ, ಅದರಾಚೆ ಒಲೆಯ ಹೊಗೆಗೆ ಕಪ್ಪಾದ ಅಡುಗೆ ಮನೆ. ಹಿತ್ತಲಲ್ಲಿ ಸೇದುವ ಬಾವಿ. ನಾವು ಜೈನರು. ಸೋಸದ ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಅವ್ವ ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯ ಮೇಲೆ ಉಳಿದ ಕಣ್ಣಿಗೆ ಕಾಣುವ, ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಬಿಡುತ್ತಿದ್ದಳು. ಕಸ ಗುಡಿಸುವಾಗ ಇರುವೆ ಸಾಲು ಕಂಡರೆ ಪೊರಕೆ ಎತ್ತಿ ಹಿಡಿದು ಕಾಯುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೀಪಕ್ಕೆ ಬರುವ ಹುಳ ತುತ್ತಿನಲ್ಲಿ ಬೀಳಬಾರದು ಎಂದು. ಪಶ್ಚಿಮದ ಕಬ್ಬಿನ ಗದ್ದೆಯ ಮೇಲೆ ಸೂರ್ಯ ಕೆಂಪಾಗುತ್ತಿದ್ದಂತೆ ಅಡುಗೆ ಮನೆಯಿಂದ ಅವ್ವನ ಕೂಗು ಏಳುತ್ತಿತ್ತು: "ಹೊತ್ತ ಮುಳಗಾಕ ಬಂತು, ಬರ್ರೀ ಉಣ್ಣಾಕ!" ಎಲ್ಲಿದ್ದರೂ ಆ ಕೂಗಿಗೆ ನಾವು ಓಡಬೇಕು. ಇವತ್ತಿಗೂ ಸಂಜೆಯ ಕೆಂಪು ಕಂಡರೆ ನನ್ನ ಕಾಲು ತಾವಾಗಿಯೇ ಚುರುಕಾಗುತ್ತವೆ.

ಇಷ್ಟು ಜತನದ ಆ ಮನೆಯಲ್ಲಿ ಜತನಕ್ಕೆ ನಗುತ್ತಿದ್ದವನು ಅಪ್ಪ ಒಬ್ಬನೇ. ಕೆಟ್ಟವನಲ್ಲ, ಅಂಜಿಕೆ ಇಲ್ಲದವನು. ಹರೆಯದಲ್ಲಿ ಬೆಲ್ಲದ ಗಾಣಕ್ಕೆ ಕಬ್ಬು ಕೊಡುವಾಗ ಅವನ ಬಲಗೈಯ ಕೊನೆಯ ಎರಡು ಬೆರಳು ಗಾಣದ ಬಾಯಿಗೆ ಹೋಗಿದ್ದವು. ಉಳಿದ ಮೂರರಲ್ಲೇ ಹಾಲು ಕರೆಯುತ್ತಿದ್ದ, ಹಗ್ಗ ಹೊಸೆಯುತ್ತಿದ್ದ, ಚಹದ ಗ್ಲಾಸು ಹಿಡಿಯುತ್ತಿದ್ದ. ಯಾರಾದರೂ ಕೇಳಿದರೆ, "ಆ ವರ್ಷ ಬೆಲ್ಲ ಯಾಕ ಅಷ್ಟ ಕೆಂಪ ಆಗಿತ್ತಂತ ತಿಳದೀರಿ?" ಎಂದು ನಗಿಸುತ್ತಿದ್ದ. ಬಂದವರು ನಗುತ್ತಿದ್ದರು. ಅವ್ವ ಮಾತ್ರ ಒಳಗೆ ಹೋಗಿಬಿಡುತ್ತಿದ್ದಳು.

ನಮ್ಮ ಮನೆಗೆ ಕಡಬಾ ಕುಟ್ಟಿ ಯಂತ್ರ ಬಂದಾಗ ಓಣಿಯವರೆಲ್ಲ ನೋಡಲು ಬಂದಿದ್ದರು. ಅಗಲ ಬಾಯಿ, ಅದರೊಳಗೆ ಮೇವನ್ನು ಹಿಡಿದೆಳೆಯುವ ಹಲ್ಲಿನ ಎರಡು ರೂಳು, ಅವುಗಳ ಹಿಂದೆ ಅಲಗು ಕಟ್ಟಿದ ದೊಡ್ಡ ಗಾಲಿ. ಅದಕ್ಕೆಂದೇ ಗೋಡೆಗೆ ಒಂದು ಬೇರೆ ಮೇನ್ ಸ್ವಿಚ್ಚು ಕೂಡ್ರಿಸಿದ್ದರು. ಕೆಲವೇ ದಿನಗಳಲ್ಲಿ ಆ ಮೇನಿನ ಹಿಡಿಕೆ ಮುರಿಯಿತು. ಹೊಸದು ಹಾಕಿಸುತ್ತೇನೆ, ಹಾಕಿಸುತ್ತೇನೆ ಎನ್ನುತ್ತಲೇ ಅಪ್ಪ ಉಳಿದ ಕಬ್ಬಿಣದ ಮೋಟನ್ನು ಪಕ್ಕಡ ಎಂಬ ಇಕ್ಕಳದಿಂದ ಹಿಡಿದು ಮೇಲೆ ಕೆಳಗೆ ಮಾಡುತ್ತಿದ್ದ. ಪಕ್ಕಡ ಸದಾ ಅವನ ಚಡ್ಡಿಯ ಜೇಬಿನಲ್ಲಿರುತ್ತಿತ್ತು. ಅವನಿಲ್ಲದೆ ಯಂತ್ರ ಸುರುವಾಗುತ್ತಿರಲಿಲ್ಲ, ಅವನಿಲ್ಲದೆ ನಿಲ್ಲುತ್ತಲೂ ಇರಲಿಲ್ಲ. ಕರೆಂಟ್ ಹೋದರೆ ಹೋಯಿತು, ಬಂದರೆ ಯಂತ್ರ ತಾನಾಗಿಯೇ ಎದ್ದು ತಿರುಗುತ್ತಿತ್ತು. ಎದುರಿಗೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಇಮಾಮ ಕಾಕಾನದೂ ಅದೇ ಕತೆ. ಅವನು ಮೇನ್ ಇಳಿಸುತ್ತಿರಲಿಲ್ಲ. ಚೀಲದ ಮೇಲೆ ಮಲಗಿಬಿಡುತ್ತಿದ್ದ. "ನನ್ನ ಬೇಗಂ ಎಬ್ಬಿಸಿದ್ರ ನಾ ಏಳೂದಿಲ್ಲ, ಗಿರಣಿ ಎಬ್ಬಿಸಿದ್ರ ಏಳತೇನಿ" ಎನ್ನುತ್ತಿದ್ದ. ಹೀಗಾಗಿ ಕರೆಂಟ್ ಬಂದದ್ದು ನಮಗೆ ತಿಳಿಯುತ್ತಿದ್ದದ್ದು ಬಲ್ಬಿನಿಂದಲ್ಲ, ಗಿರಣಿಯ ಟುಕುಟುಕು ಸದ್ದಿನಿಂದ.

ಯಂತ್ರದ ಮುಂದೆ ನಿಂತಾಗಲೆಲ್ಲ ಅಪ್ಪ ನಮಗೆ ಹೇಳುತ್ತಿದ್ದ: "ಹುಡುಗೂರ್ಯಾ, ಬಾಯಾಗ ಕೈ ಒಯ್ಯಬ್ಯಾಡ್ರಿ. ಇದಕ್ಕ ಅಪ್ಪ ಅವ್ವ ಗೊತ್ತಿಲ್ಲ." ಹೀಗೆ ಹೇಳುತ್ತಲೇ ಕೊನೆಯ ಹಿಡಿ ಸೋಗೆಯನ್ನು ಅಂಗೈಯಿಂದ ರೂಳಿನ ತನಕ ದಬ್ಬುತ್ತಿದ್ದ. ಮೇವು ಸಿಕ್ಕಿಕೊಂಡರೆ ಯಂತ್ರದ ಕಾಲಿನ ಮೇಲೆ ಒಂದು ಪಾದ ಊರಿ, ಹೆಗಲು ಬಗ್ಗಿಸಿ, ಮೊಣಕೈ ತನಕ ಒಳಗೆ ಹಾಕಿ ಕಿತ್ತು ತೆಗೆಯುತ್ತಿದ್ದ. ಬಾಗಿಲಲ್ಲಿ ನಿಂತ ಅವ್ವ, "ಏನ್ರಿ, ಒಂದ ಕಟಗಿ ತಗೋಬಾರದ?" ಎಂದರೆ, "ಕಟಗಿಗೆ ಕಣ್ಣಿಲ್ಲ, ಕೈಗೆ ಕಣ್ಣೈತಿ" ಎನ್ನುತ್ತಿದ್ದ. "ಎರಡ ಕಣ್ಣ ಆಗಲೇ ಹೋಗ್ಯಾವು" ಎಂದು ಅವ್ವ ಗೊಣಗುವುದು ಅವನಿಗೆ ಕೇಳಿಸುತ್ತಿತ್ತೋ ಇಲ್ಲವೋ.

ಅವನ ಮಾತನ್ನು ಕೇಳುವ ಕಿವಿ ನನ್ನದಾಗಿದ್ದರೆ, ಅವನ ಕೈಯನ್ನು ನೋಡುವ ಕಣ್ಣು ಅಣ್ಣ ಭರತೇಶನದಾಗಿತ್ತು. ಅವನಿಗಾಗ ಹದಿನಾಲ್ಕು. ಮೂಗಿನ ಕೆಳಗೆ ನೆರಳಿನಂತೆ ಕಪ್ಪು ಮೂಡುತ್ತಿದ್ದ ವಯಸ್ಸು. ಅಪ್ಪ ನಡೆದಂತೆ ನಡೆಯುವುದು, ಅಪ್ಪ ಉಗುಳಿದಂತೆ ಉಗುಳುವುದು. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರಾಲಿಯ ಹಿಂದೆ ಓಡಿ ಜೋತುಬಿದ್ದು ಗಣಿಕೆ ಕಿತ್ತುಕೊಂಡು ಬಂದಾಗ ಅವ್ವ ಬಾರಿಕೋಲು ಹುಡುಕುತ್ತಿದ್ದಳು; ಅಪ್ಪ ಅದೇ ಗಣಿಕೆಯನ್ನು ಮುರಿದು ಅರ್ಧ ತಾನು ತಿನ್ನುತ್ತಿದ್ದ. ಒಂದು ದಿನ ಅಣ್ಣ ಪಡಸಾಲೆಯಲ್ಲಿ ಚಹ ಕುಡಿಯುತ್ತಾ ಕುಳಿತಿದ್ದ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ನಿಲ್ಲಿಸಿ ಅವನನ್ನೇ ನೋಡತೊಡಗಿದಳು. ನಾನೂ ನೋಡಿದೆ. ಅಣ್ಣ ಕೊನೆಯ ಎರಡು ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಮೂರೇ ಬೆರಳಲ್ಲಿ ಗ್ಲಾಸು ಹಿಡಿದಿದ್ದ. ಥೇಟ್ ಅಪ್ಪನ ಹಾಗೆ.

"ಬೆರಳ ಬಿಚ್ಚಲೇ ಭರತ್ಯಾ" ಎಂದಳು ಅವ್ವ. ದನಿ ಏರಿರಲಿಲ್ಲ. "ಯಾವ ಜನ್ಮದ ಪುಣ್ಯಾಕೋ ಐದ ಬಂದಾವ."

"ಹಿಂಗ ಹಿಡದ್ರ ಸುಡೂದಿಲ್ಲ ಬೇ" ಎಂದು ಅಣ್ಣ ನಕ್ಕ. ಅಪ್ಪನೂ ನಕ್ಕ, ಸ್ವಲ್ಪ ಹೆಮ್ಮೆಯಿಂದಲೇ. ಅಂದಿನಿಂದ ಯಂತ್ರ ಸುರುವಾದೊಡನೆ ಅವ್ವನ ತುಟಿ ಣಮೋಕಾರ ಮಂತ್ರ ಹೇಳಲು ತೊಡಗುತ್ತಿತ್ತು. ಅದು ನಿಂತು, ಅಣ್ಣ ಕೈಕಾಲು ತೊಳೆದು ತಾಟಿನ ಮುಂದೆ ಕೂತು, ರೊಟ್ಟಿ ಮುರಿಯಲು ಕೈ ಚಾಚಿದಾಗ ಆ ಕೈಯನ್ನು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ದಿನಾ ಸಂಜೆ. ಊಟಕ್ಕೆ ಕೂತಾಗ ಮಗನ ಬೆರಳು ನೋಡುವ ತಾಯಿಯ ಪಕ್ಕ ಬೆಳೆದವರಿಗೆ ಮಾತ್ರ ನನ್ನ ಅಂಜಿಕೆ ಅರ್ಥವಾದೀತು.

ಕಬ್ಬು ಕಡಿಯುವ ಸುಗ್ಗಿಯ ದಿನಗಳವು. ಸೋಗೆ ಬೇಕಾದಷ್ಟು, ಹೊತ್ತು ಮಾತ್ರ ಗಿಡ್ಡ. ಕರೆಂಟ್ ಬರುವುದೇ ಸಂಜೆಯ ಮುಂದೆ. ಅದು ಬಂದು ಹೊತ್ತು ಮುಳುಗುವುದರೊಳಗೆ ಮೇವು ಕತ್ತರಿಸಿ, ಕೈಕಾಲು ತೊಳೆದು, ಉಂಡು ಮುಗಿಸಬೇಕು. ಆ ಸಂಜೆ ಅಪ್ಪ ಯಂತ್ರಕ್ಕೆ ಸೋಗೆ ಕೊಡುತ್ತಿದ್ದ, ಅಣ್ಣ ಸಿವುಡು ಬಿಚ್ಚಿ ಮುಂದೆ ಇಡುತ್ತಿದ್ದ, ನಾನು ಕತ್ತರಿಸಿ ಬಿದ್ದದ್ದನ್ನು ಬುಟ್ಟಿಗೆ ತುಂಬುತ್ತಿದ್ದೆ. ಅಷ್ಟರಲ್ಲಿ ಕರು ಕಣ್ಣಿ ಬಿಚ್ಚಿಕೊಂಡು ನಮ್ಮ ಚಂದ್ರಿ ಎಮ್ಮೆಯ ಕೆಚ್ಚಲಿಗೆ ಬಾಯಿ ಹಾಕಿತು. "ಹಾಲೆಲ್ಲಾ ಕುಡದ್ಹೋತಲೋ! ಭರತ್ಯಾ, ನಾ ಬರೂತನಕ ಮುಟ್ಟಬ್ಯಾಡ" ಎಂದು ಅಪ್ಪ ದನದ ಮನೆಗೆ ಓಡಿದ. ಯಂತ್ರ ತಿರುಗುತ್ತಲೇ ಇತ್ತು. ಒಳಗಿನಿಂದ ಅವ್ವನ ಕೂಗು ಬಂತು: "ಹೊತ್ತ ಮುಳಗಾಕ ಬಂತು, ಬರ್ರೀ!" ಅಣ್ಣ ನನ್ನ ಕಡೆ ನೋಡಿ ಕಣ್ಣು ಹೊಡೆದು, ಒಂದು ಇಡೀ ಸಿವುಡನ್ನು ಎತ್ತಿ ಬಾಯಿಗೆ ತುರುಕಿದ. ಯಂತ್ರ ಗರಗರ ಅಂದಿತು, ರೂಳು ಒದ್ದಾಡಿದವು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಯಂತ್ರ ನಿಂತಿತು, ಇಮಾಮ ಕಾಕಾನ ಗಿರಣಿ ನಿಂತಿತು, ಓಣಿಯೆಲ್ಲ ಒಮ್ಮೆಲೇ ಕಿವಿ ಮುಚ್ಚಿದಂತಾಯಿತು. ಆ ಮೌನದಲ್ಲಿ ಅವ್ವನ ದನಿ ಇನ್ನಷ್ಟು ಹತ್ತಿರ ಕೇಳಿಸಿತು: "ಭರತ್ಯಾ, ತಾಬಡತೋಬ ಬಾರೋ, ಹೊತ್ತ ಹೋಗಾಕತ್ತೈತಿ!"

ಅಣ್ಣ ಯಂತ್ರದ ಕಾಲಿನ ಮೇಲೆ ಪಾದ ಊರಿದ. ಹೆಗಲು ಬಗ್ಗಿಸಿದ. ಮೊಣಕೈ ತನಕ ಕೈ ಒಳಗೆ ಹಾಕಿ ಸಿಕ್ಕಿದ ಸೋಗೆಯನ್ನು ಎಳೆಯತೊಡಗಿದ. ಯಾರೂ ಕಲಿಸಿಕೊಟ್ಟಿರಲಿಲ್ಲ, ಎಲ್ಲವೂ ಬರುತ್ತಿತ್ತು. ನಾನು ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಕರೆದರೂ ಬಾರದ ಮಗನನ್ನು ನೋಡಲು ಅವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಳು. ಕಂಡಳು. ಅವಳು ಚೀರಲಿಲ್ಲ. ಚೀರಿದರೆ ಅವನು ಬೆದರಿ ಕೈ ಇನ್ನೆಲ್ಲಿ ಸಿಕ್ಕಿಸಿಕೊಂಡಾನೋ ಎಂದು ಅನಿಸಿತಂತೆ, ಎಷ್ಟೋ ವರ್ಷದ ಮೇಲೆ ಹೇಳಿದಳು. ನೇರವಾಗಿ ಗೋಡೆಯ ಕಡೆ ನಡೆದಳು. ಮೇನಿಗೆ ಹಿಡಿಕೆ ಇಲ್ಲ, ಪಕ್ಕಡ ಅಪ್ಪನ ಜೇಬಿನಲ್ಲಿ. ಕರೆಂಟಿನ ಡಬ್ಬಿಯ ಹತ್ತಿರವೇ ಸುಳಿಯದ ನಮ್ಮ ಅವ್ವ, ಹಿಟ್ಟಿನ ಕೈಯನ್ನು ಸೀರೆಗೆ ಒರಸಿಕೊಂಡು, ಬಿಳಿ ಪಿಂಗಾಣಿಯ ಫ್ಯೂಜನ್ನು ಹಿಡಿದು, ಕಣ್ಣು ಮುಚ್ಚಿ ಎಳೆದಳು. ಅದು ಬಂತು. ಅದನ್ನು ಸೆರಗಿನ ತುದಿಗೆ ಸುತ್ತಿ ಗಂಟು ಹಾಕುತ್ತಾ ಅಣ್ಣನ ಕಡೆ ತಿರುಗಿದಳು.

ಗಂಟು ಬಿಗಿಯುವ ಮೊದಲೇ ಎದುರಿಗೆ ಗಿರಣಿ ಟುಕುಟುಕು ಎಂದಿತು.

ಪಡಸಾಲೆಯ ಬಲ್ಬು ಹತ್ತಿತು. ಅಣ್ಣ ಬಲ್ಬು ನೋಡಿದ, ಇನ್ನೂ ಒಳಗೇ ಇದ್ದ ತನ್ನ ಕೈ ನೋಡಿದ, ಅವ್ವನನ್ನು ನೋಡಿದ. ಅವನ ಮುಖದಿಂದ ಅಷ್ಟು ದಿನದ ಹುರುಪೆಲ್ಲ ಇಳಿದು, ಚಿಕ್ಕ ಹುಡುಗನ ಮುಖವಾಯಿತು. ಗಿರಣಿಯ ಸದ್ದು ಕೇಳಿದ ಅಪ್ಪ ಕರುವಿನ ಹಗ್ಗ ಕೈಯಲ್ಲಿ ಹಿಡಿದೇ ದನದ ಮನೆಯಿಂದ ಓಡಿ ಬಂದ. ಜೇಬಿನಿಂದ ಪಕ್ಕಡ ಕೀಳುತ್ತಾ ಗೋಡೆಯ ಹತ್ತಿರ ಹೋದವನು, ಫ್ಯೂಜು ಇರಬೇಕಾದಲ್ಲಿ ಬರಿದಾದ ತೂತು ಕಂಡು ಹಾಗೇ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ಅವ್ವ ಅಣ್ಣನ ಕೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ಸೋಗೆಯ ಅಂಚು ಗೀರಿದ ಸಣ್ಣ ಕೆಂಪು ಗೆರೆಗಳು, ಅಷ್ಟೇ. ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಎಲ್ಲವೂ ಇದ್ದವು. ನನ್ನ ಬದುಕಿನಲ್ಲಿ ದೇವರು ಕೊಟ್ಟದ್ದನ್ನು ಎಣಿಸಲು ಕೂತಾಗಲೆಲ್ಲ ನಾನು ಮೊದಲು ಎಣಿಸುವುದು ಆ ಬೆರಳುಗಳನ್ನೇ.

ಹೊತ್ತು ಮುಳುಗಿತು. ಆ ದಿನ ಯಾರೂ ಉಣ್ಣಲಿಲ್ಲ. ಅವ್ವ ಬಹಳ ಹೊತ್ತಿನ ನಂತರ ಅಪ್ಪನಿಗೆ ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ನಾ ಒದರಿದ್ದಕ್ಕ ಅವ ಗಡಬಡಿಸಿ ಕೈ ಹಾಕ್ಯಾನ್ರಿ. ಹುಳಾ ಸಾಯಬಾರದಂತ ನಾವು ಹೊತ್ತಿದ್ದಾಗ ಉಣ್ಣೂದು. ಅದಕ್ಕ ಮಗನ ಕೈ ಕೊಡೂದೇನು? ಇನ್ನಮ್ಯಾಲೆ ಮಷೀನ ನಡದಾಗ ನಾ ಊಟಕ್ಕ ಕರಿಯೂದಿಲ್ಲ."

ಮರುದಿನ ಸಂಜೆ ಕೂಗು ಬರಲಿಲ್ಲ. ಯಂತ್ರ ನಡೆದಿತ್ತು, ಸೂರ್ಯ ಇಳಿಯುತ್ತಿದ್ದ, ಅಡುಗೆ ಮನೆ ಸುಮ್ಮನಿತ್ತು. ಯಂತ್ರ ನಿಂತಾಗ ಹೊತ್ತು ಹೋಗಿತ್ತು. ಅವ್ವ ರೊಟ್ಟಿಬುಟ್ಟಿ ಮುಚ್ಚಿ, ಬಾಯಿ ಮುಕ್ಕಳಿಸಿ, ಜಪಮಣಿ ಹಿಡಿದು ಕೂತಿದ್ದಳು. ಅದರ ಮರುದಿನವೂ ಹಾಗೆಯೇ. ಸಿಟ್ಟಿಲ್ಲ, ಮುನಿಸಿಲ್ಲ. "ನೀ ಆದ್ರೂ ಉಣಬೇಕಿಲ್ಲ?" ಎಂದು ಅಪ್ಪ ಕೇಳಿದರೆ, "ಅದು ತಿರಗೂತನಕ ನನ್ನ ಗಂಟಲಾಗ ತುತ್ತ ಇಳಿಯೂದಿಲ್ರಿ" ಎಂದಳು. ಕಡೆಗೆ ಅಪ್ಪ ಒಂದು ಸಂಜೆ ಅರ್ಧಕ್ಕೇ ಯಂತ್ರ ನಿಲ್ಲಿಸಿ, ಕತ್ತರಿಸದ ಸೋಗೆಯನ್ನೇ ಎಮ್ಮೆಗಳ ಮುಂದೆ ಎಸೆದು ಬಂದು ತಾಟಿನ ಮುಂದೆ ಕೂತ. ರೂಢಿ ಕೆಟ್ಟ ಚಂದ್ರಿ ಮೂಸಿ ನೋಡಿ ಓಣಿ ತುಂಬ ಕೇಳುವಂತೆ ಒದರಿತು. "ತಿನ್ನ ಬೇ! ನಿನ್ನ ಬಾಯಾಗೇನ ಹಲ್ಲಿಲ್ಲೇನ? ಅಲ್ಲೂ ಕರೆಂಟ ಬೇಕೇನ?" ಎಂದು ಅಪ್ಪ ಕೂತಲ್ಲಿಂದಲೇ ಬೈದ. ಎಷ್ಟೋ ದಿನದ ಮೇಲೆ ಅವ್ವ ನಕ್ಕಳು. ಅವಳು ನಕ್ಕದ್ದು ಕಂಡು ಅಪ್ಪ ಇನ್ನೂ ಎರಡು ಬೈಗಳನ್ನು ಹೆಚ್ಚು ಬೈದ.

ಆಮೇಲೆ ಮೇನಿಗೆ ಹೊಸ ಹಿಡಿಕೆ ಬಂತು. ಯಂತ್ರದ ಬಾಯಿಯ ಪಕ್ಕ ಒಂದು ಜಾಲಿಕಟ್ಟಿಗೆ ಬಂದು ನಿಂತಿತು. ಆದರೆ ಫ್ಯೂಜಿನ ರೂಢಿ ಮಾತ್ರ ಹೋಗಲಿಲ್ಲ. ಮೇವು ಸಿಕ್ಕಿಕೊಂಡರಾಗಲಿ, ಕರೆಂಟ್ ಹೋದರಾಗಲಿ, ಅಪ್ಪ ಮೇನ್ ಇಳಿಸಿ ಫ್ಯೂಜು ಕಿತ್ತು ನನ್ನ ಕೈಗೆ ಕೊಡುತ್ತಿದ್ದ. ನಾನು ಓಡಿಹೋಗಿ ಅವ್ವನಿಗೆ ಕೊಡುತ್ತಿದ್ದೆ. ಅವಳು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅದು ಬಿಸಿಬಿಸಿಯಾಗಿ, ಆಗ ತಾನೇ ಇಟ್ಟ ಮೊಟ್ಟೆಯ ಹಾಗೆ ಇರುತ್ತಿತ್ತು. ಮರಳಿ ಬೇಕಾದರೆ ಕೇಳಲು ಬಂದವರು ಅವ್ವನಿಗೆ ಎರಡೂ ಕೈ ತೋರಿಸಬೇಕು. ಅಪ್ಪನೂ ತೋರಿಸಬೇಕು. "ಎಂಟ ಅದಾವ ನೋಡ, ನಿನ್ನಿ ಇದ್ದಷ್ಟ" ಎಂದು ಅವನು ಅಂಗೈ ಚಾಚುತ್ತಿದ್ದ. ಅವ್ವ ನಿಜವಾಗಿಯೂ ನೋಡಿಯೇ ಗಂಟು ಬಿಚ್ಚುತ್ತಿದ್ದಳು. ಅಣ್ಣನಿಗೆ ಯಾರೂ ಬುದ್ಧಿಮಾತು ಹೇಳಿದ್ದು ನನಗೆ ನೆನಪಿಲ್ಲ. ಅಪ್ಪ ಕಟ್ಟಿಗೆ ಹಿಡಿದ, ಅವನೂ ಹಿಡಿದ. ಟ್ರಾಲಿಯ ಹಿಂದೆ ಓಡುವುದನ್ನು ಯಾವಾಗ ಬಿಟ್ಟನೋ ಅವನಿಗೇ ಗೊತ್ತಿಲ್ಲ. ಒಂದು ಮುಂಜಾನೆ ನೋಡಿದರೆ ಚಹದ ಗ್ಲಾಸನ್ನು ಐದೂ ಬೆರಳಿನಿಂದ ಅಪ್ಪಿ ಹಿಡಿದುಕೊಂಡು ಕುಡಿಯುತ್ತಿದ್ದ. ಅವ್ವನೂ ನೋಡಿದಳು. ನೋಡಿ, ನೀರು ಸೋಸುವ ಬಟ್ಟೆ ತೆಗೆದುಕೊಂಡು ಬಾವಿಯ ಕಡೆ ಹೋದಳು.

ಕೃಷ್ಣೆಯ ನೀರು ಓಣಿಯೊಳಗೆ ಬಂದ ವರ್ಷ ನನ್ನ ಮದುವೆಯಾಗಿತ್ತು. ಎಮ್ಮೆ ಬಿಚ್ಚಿಕೊಂಡು, ಕಾಳಿನ ಚೀಲ ಹೊತ್ತುಕೊಂಡು ಎಲ್ಲರೂ ಹೊರಟಾಗ ಅವ್ವ ಹಿಂದೆ ಉಳಿದು, ಮೊಣಕಾಲ ನೀರಲ್ಲಿ ನಿಂತು ಯಂತ್ರದ ಫ್ಯೂಜು ಕಿತ್ತುಕೊಂಡು ಬಂದಳಂತೆ. "ಊರಿಗೇ ಕರೆಂಟ ಇಲ್ಲ, ಅದನ್ಯಾಕ ತಂದಿ?" ಎಂದು ಅಪ್ಪ ಕೇಳಿದರೆ, "ಬಂದ್ರ?" ಎಂದಳಂತೆ. ನೀರು ಇಳಿದಾಗ ಗೋಡೆಗಳು ಇರಲಿಲ್ಲ. ಗೋಡೆ ಇದ್ದಲ್ಲಿ ಕೆಸರಿನ ದಿಬ್ಬ, ಬಾವಿ ಇದ್ದಲ್ಲಿ ಹೂಳು. ಸೆರಗಿನಲ್ಲಿ ಫ್ಯೂಜು ಇತ್ತು, ಅದನ್ನು ಸಿಕ್ಕಿಸಲು ಮನೆ ಇರಲಿಲ್ಲ. ರಸ್ತೆಯ ಮೇಲಿನ ಹೊಸ ಮನೆಯ ಗೋಡೆಯ ಮಾಡಿನಲ್ಲಿ ಬಹಳ ದಿನ ಅದು ಕೂತಿತ್ತು. ಅಪ್ಪ ಹೋದ, ಎರಡು ಮಳೆಗಾಲದ ಮೇಲೆ ಅವ್ವನೂ ಹೋದಳು. ಅಣ್ಣನನ್ನು ಕೇಳಿದೆ, ಎಲ್ಲಿ ಹೋಯಿತೋ ಅವನಿಗೂ ಗೊತ್ತಿಲ್ಲ. ಬಣ್ಣ ಹಚ್ಚಿಸುವಾಗ ಯಾರೋ ಹಳೆಯ ಸಾಮಾನಿನ ಜೊತೆ ಒಗೆದಿರಬೇಕು. ಹಾಗೆ ಹೇಳುವಾಗ ಅವನು ಎರಡೂ ಅಂಗೈ ಚಾಚಿ ನನಗೆ ತೋರಿಸಿದ. ಹತ್ತೂ ಬೆರಳು. ಬರಿಗೈ.

ಮೊನ್ನೆ ಸಂಜೆ, ಕರೆಂಟ್ ಹೋದ ಮೇಲೆ, ಅದೆಷ್ಟು ಹೊತ್ತು ಬಾಗಿಲಿನ ಕಡೆ ನೋಡುತ್ತಾ ನಿಂತಿದ್ದೆನೋ. ಹಿತ್ತಲಿನಿಂದ ಸ್ವಿಚ್ಚು ಕೆಳಗಿಳಿದ ಖಟ್ ಸದ್ದು ಕೇಳಿಸಿತು. "ಅಪ್ಪಾ, ಬಂದ್ ಮಾಡೇನಿ. ಈಗ ತಗೀರಿ. ಕಟಗೀಲೆ" ಎಂದಳು ಮಗಳು. ಆಮೇಲೆ ಅವಳು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅವಳು ನಮ್ಮ ಅವ್ವನನ್ನು ಕಂಡವಳಲ್ಲ. ಆ ಮಣ್ಣಿನ ಮನೆಯನ್ನೂ ಕಂಡವಳಲ್ಲ. ನಮ್ಮ ಸ್ವಿಚ್ಚಿಗೆ ಕಿತ್ತು ತೆಗೆಯುವ ಫ್ಯೂಜೂ ಇಲ್ಲ, ನಾನೂ ಈ ಕತೆಯನ್ನು ಅವಳಿಗೆ ಎಂದೂ ಹೇಳಿದವಳಲ್ಲ. ಬೆಳೆಯುವ ಮಕ್ಕಳ ತಲೆಯಲ್ಲಿ ಅಂಜಿಕೆ ತುಂಬಬಾರದೆಂದು. ಆದರೆ ಸೊಂಟಕ್ಕೆ ಕಟ್ಟಿದ ಓಢಣಿಯ ಗಂಟನ್ನು ಅವಳು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಒಳಗೇನೋ ಇದ್ದ ಹಾಗೆ.

"ಅದರಾಗ ಏನೈತಿ ಸಮತಾ? ಯಾಕ ಹಂಗ ಹಿಡಕೊಂಡೀದಿ?" ಎಂದೆ.

ಅವಳು ತನ್ನ ಮುಷ್ಟಿ ನೋಡಿಕೊಂಡಳು, ಹಿಟ್ಟು ಮೆತ್ತಿದ ನನ್ನ ಮುಷ್ಟಿಯನ್ನೂ ನೋಡಿದಳು.

"ಏನಿಲ್ಲವ್ವಾ" ಎಂದಳು. "ಕರೆಂಟ ಹೋದಾಗ ನೀ ಹಿಡಕೋತಿಯಲ್ಲಾ."